ಕಬ್ಬಿಣ ಓದಲು ಬಂದವರು

ಮೂರು ತಿಂಗಳ ಮಟ್ಟಿಗೆ ಆನ್‌ಸೈಟ್ ಹೋಗಿದ್ದಾಗಿನ ಮಾತು. ಒಂದು ಭಾನುವಾರ ಬೆಳಗ್ಗೆ ಐದು ಗಂಟೆಗೆ, ಇನ್ನೂ ಪೂರ್ತಿ ಕತ್ತಲಿರುವಾಗಲೇ, ಸಹೋದ್ಯೋಗಿಯೊಬ್ಬ ನನ್ನನ್ನು ಪಮೋನಾಕ್ಕೆ ಎಳೆದುಕೊಂಡು ಹೋದ. ಲಾಸ್ ಏಂಜಲಿಸ್‌ನಿಂದ ಪೂರ್ವಕ್ಕಿರುವ ಊರು. ವರ್ಷಕ್ಕೆ ಕೆಲವು ಸಲ ಅಲ್ಲಿ ಹಳೇ ಕಾರುಗಳ, ಹಳೇ ಕಾರಿನ ಬಿಡಿಭಾಗಗಳ ದೊಡ್ಡ ಸಂತೆ ಸೇರುತ್ತೆ. ಜನ ಟಾರ್ಚು ಹಿಡಕೊಂಡು ಸಾಲು ಮೇಜುಗಳ ಮಧ್ಯೆ ಬಗ್ಗಿ ಬಗ್ಗಿ ಏನೋ ಹುಡುಕುತ್ತಿದ್ದರು. ನನ್ನ ಕಣ್ಣಿಗೆ ಎಲ್ಲವೂ ಗುಜರಿಯೇ.

ಒಂದು ಮೇಜಿನ ಹಿಂದೆ ಸುಮಾರು ನನ್ನ ವಯಸ್ಸಿನವನೇ ಒಬ್ಬ ನಿಂತಿದ್ದ. ಅಪ್ಪ ತೀರಿಕೊಂಡರಂತೆ, ಗ್ಯಾರೇಜು ಖಾಲಿ ಮಾಡಬೇಕಂತೆ. ಐದಾರು ಮರದ ಪೆಟ್ಟಿಗೆ ತುಂಬ ಗ್ರೀಸು ಮೆತ್ತಿದ ಕಬ್ಬಿಣ. 'ಯಾವುದಾದರೂ 10 ಡಾಲರ್' ಅಂತ ರಟ್ಟಿನ ಮೇಲೆ ಬರೆದು ನಿಲ್ಲಿಸಿದ್ದ. ಎಪ್ಪತ್ತು ದಾಟಿದ ಅಜ್ಜ ಒಬ್ಬರು ಬಂದರು. ಪೆಟ್ಟಿಗೆಯಿಂದ ಒಂದೇ ಥರ ಕಾಣುವ ಎರಡು ಗಡ್ಡೆ ಎತ್ತಿಕೊಂಡು ಹೆಬ್ಬೆರಳಿನಿಂದ ಪಕ್ಕವನ್ನು ಉಜ್ಜಿದರು. ಗ್ರೀಸಿನ ಕೆಳಗಿಂದ ಒಂದರಲ್ಲಿ 94 ಎದ್ದಿತು, ಇನ್ನೊಂದರಲ್ಲಿ 97. 94 ಅನ್ನು ವಾಪಸ್ ಇಟ್ಟರು. 97 ಅನ್ನು ಕೈಯಲ್ಲೇ ಹಿಡಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಹತ್ತು ಡಾಲರ್ ಕೊಟ್ಟು ಹೊರಡಬಹುದಿತ್ತು. ಹೊರಡಲಿಲ್ಲ. "ನೋಡಪ್ಪಾ, ಇದನ್ನ ಹತ್ತಕ್ಕೆ ಕೊಡಬೇಡ. ನಿನ್ನ ಹತ್ರ ಏನಿದೆ ಅಂತ ನಿನಗೆ ಗೊತ್ತಿಲ್ಲ" ಅಂದರು.

ಆಮೇಲೆ ಏನಾಯ್ತು ಅನ್ನೋದನ್ನ ಕೊನೆಗೆ ಹೇಳ್ತೀನಿ. ಆ ಹೆಬ್ಬೆರಳಿಗೆ ಅಷ್ಟು ವಿದ್ಯೆ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದವನಿಗೆ ನೂರು ವರ್ಷದ ಒಂದು ಚರಿತ್ರೆಯೇ ಸಿಕ್ಕಿತು. ಮೊದಲು ಅದು.

*

ಹಾಟ್ ರಾಡ್ ಅಂದ್ರೆ ಏನು? ಒಂದು ಹಳೇ ಕಾರು ತಗೊಂಡು, ಅದರ ಮಡ್‌ಗಾರ್ಡು, ಬಂಪರು, ಬಾನೆಟ್ಟು ಹೀಗೆ ಬೇಡದ ಭಾರವನ್ನೆಲ್ಲ ಕಳಚಿ, ಬೇರೆ ಬೇರೆ ಕಾರುಗಳ ಒಳ್ಳೊಳ್ಳೆ ಭಾಗಗಳನ್ನು ತಂದು ಕೂಡಿಸಿ, ವೇಗಕ್ಕಾಗಿ ಮತ್ತೆ ಕಟ್ಟಿದ ಗಾಡಿ. ಹುಟ್ಟಿ ಬೆಳೆದದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಕಟ್ಟಿದವರು ಹೆಚ್ಚಿನವರು ಕಾಸಿಲ್ಲದ ಹುಡುಗರು. ಹೊಸ ರೇಸ್ ಕಾರು ಕೊಳ್ಳುವ ಶಕ್ತಿ ಇಲ್ಲ. ಗುಜರಿ ಅಂಗಡಿಗೆ ನುಗ್ಗಿ, ಯಾವುದು ಯಾವುದಕ್ಕೆ ಕೂರುತ್ತೆ ಅಂತ ಗುರುತಿಸುವ ಶಕ್ತಿ ಇತ್ತು. ಅದೊಂದೇ ಅವರ ಬಂಡವಾಳ.

ಆದರೆ ಒಂದು ಕಾರಿನ ಭಾಗ ಇನ್ನೊಂದಕ್ಕೆ ಕೂರಬೇಕಾದ್ರೆ, ಮೊದಲು ಒಂದೇ ಮಾದರಿಯ ಎರಡು ಕಾರುಗಳ ಭಾಗಗಳಾದರೂ ಅದಲು ಬದಲಾಗಬೇಕಲ್ಲ? ಇವತ್ತು ನಮಗೆ ಇದೊಂದು ವಿಷಯವೇ ಅಲ್ಲ. 1908ರಲ್ಲಿ ಇದು ಸುದ್ದಿ. ಆಗ ಕಾರು ಅಂದ್ರೆ ನುರಿತ ಕೆಲಸಗಾರ ಅರ ಹಿಡಿದು, ಉಜ್ಜಿ ಉಜ್ಜಿ, ಒಂದೊಂದು ಭಾಗವನ್ನೂ ಅದರ ಜೋಡಿಗೆ ಹೊಂದಿಸಿ ಕೂಡಿಸಿದ ವಸ್ತು. ಆ ವರ್ಷ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನಲ್ಲಿ ರಾಯಲ್ ಆಟೊಮೊಬೈಲ್ ಕ್ಲಬ್‌ನವರು ಒಂದು ಪರೀಕ್ಷೆ ಮಾಡಿದರು. ಮೂರು ಕ್ಯಾಡಿಲ್ಯಾಕ್ ಕಾರುಗಳನ್ನು ಆರಿಸಿ, ಕೊನೆಯ ನಟ್ಟು ಬೋಲ್ಟಿನ ತನಕ ಬಿಚ್ಚಿ, ಎಲ್ಲವನ್ನೂ ಒಂದೇ ರಾಶಿ ಮಾಡಿ ಕಲಸಿದರು. ಅದರಲ್ಲಿ 89 ಭಾಗಗಳನ್ನು ತೆಗೆದಿಟ್ಟು ದಾಸ್ತಾನಿನಿಂದ ಹೊಸವನ್ನು ಸೇರಿಸಿದರು. ಸ್ಪ್ಯಾನರು, ಸ್ಕ್ರೂಡ್ರೈವರ್ ಇಷ್ಟೇ ಬಳಸಿ ಆ ರಾಶಿಯಿಂದ ಮೂರು ಕಾರು ಮತ್ತೆ ಕಟ್ಟಿದರು. ಅರಕ್ಕೆ ಕೈ ಹಾಕುವ ಹಾಗಿಲ್ಲ. ಮೂರೂ ಕಾರು 500 ಮೈಲಿ ಓಡಿದವು. ಕ್ಯಾಡಿಲ್ಯಾಕ್‌ಗೆ ಡೇವರ್ ಟ್ರೋಫಿ ಬಂತು.

ಇದರ ಹಿಂದಿದ್ದ ಮನುಷ್ಯ ಹೆನ್ರಿ ಲೆಲ್ಯಾಂಡ್. ಬಂದೂಕಿನ ಕಾರ್ಖಾನೆಯಲ್ಲಿ, ಅಳತೆಯ ಸಲಕರಣೆಗಳ ಕಾರ್ಖಾನೆಯಲ್ಲಿ ಕೆಲಸ ಕಲಿತವನು. ಕೂದಲೆಳೆಯ ವ್ಯತ್ಯಾಸವನ್ನೂ ಒಪ್ಪದವನು. ಮುಂದೆ 1917ರಲ್ಲಿ ಈತ ಲಿಂಕನ್ ಅನ್ನೋ ಇನ್ನೊಂದು ಕಂಪನಿ ಕಟ್ಟಿದ. 1922ರಲ್ಲಿ ಅದನ್ನು ಹೆನ್ರಿ ಫೋರ್ಡ್ ಕೊಂಡುಕೊಂಡ. ಈ ಲಿಂಕನ್ ಹೆಸರು ನೆನಪಿಟ್ಟುಕೊಳ್ಳಿ. ಫೋರ್ಡ್‌ಗಳ ಗೇರ್‌ಬಾಕ್ಸ್ ಒಳಗೆ ಅದು ಮತ್ತೆ ಸಿಗುತ್ತೆ.

ಅದೇ 1908ರಲ್ಲಿ ಫೋರ್ಡ್ ಮಾಡೆಲ್ ಟಿ ಬಂತು. 1927ರವರೆಗೆ ಸುಮಾರು ಒಂದೂವರೆ ಕೋಟಿ ಕಾರು ತಯಾರಾದವು. ಅಂದ್ರೆ ಒಂದಕ್ಕೊಂದು ಕೂರುವ ಬಿಡಿಭಾಗಗಳ ಸಮುದ್ರ. ಓಟ ಮಾತ್ರ ಆಮೆಯದ್ದು. ಅದಕ್ಕೇ ಬೇರೆಯವರು ಫೋರ್ಡ್ ಎಂಜಿನ್ನಿನ ಮೇಲೆ ಕೂರುವ ಹೊಸ ಸಿಲಿಂಡರ್ ಹೆಡ್ ಎರಕ ಹೊಯ್ದು ಮಾರೋಕೆ ಶುರು ಮಾಡಿದರು. ಇಲ್ಲಿಂದ ಗುರುತು ಹಿಡಿಯುವ ಆಟ ಶುರುವಾಗುತ್ತೆ, ಯಾಕಂದ್ರೆ ಎರಕ ಹೊಯ್ದವನು ತನ್ನ ಹೆಸರನ್ನೂ ಕಬ್ಬಿಣದಲ್ಲೇ ಬಿಟ್ಟು ಹೋಗ್ತಾನೆ.

ತುಕ್ಕು ಉಜ್ಜಿದಾಗ 'ರಾಜೋ' ಅಂತ ಕಂಡರೆ? ನಮ್ಮ ಕಿವಿಗೆ ಯಾವುದೋ ಉತ್ತರದ ಹೆಸರು ಅನ್ನಿಸುತ್ತೆ. ಅದು ವಿಸ್ಕಾನ್ಸಿನ್‌ನ ರಸೀನ್ ಊರಿನ ಮೊದಲ ಅಕ್ಷರಗಳು, ಜೊತೆಗೆ ಜೋ ಜಾಗರ್ಸ್‌ಬರ್ಗರ್ ಅನ್ನೋ ರೇಸರ್‌ನ ಹೆಸರು. ಆಸ್ಟ್ರಿಯಾದಿಂದ ಬಂದವನು, 1911ರ ರೇಸ್ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡವನು. ಓಡಿಸೋದು ನಿಂತ ಮೇಲೆ ಬೇರೆಯವರ ಕಾರು ಓಡೋ ಹಾಗೆ ಹೆಡ್ ಮಾಡಿದ. 'ಫ್ರಾಂಟೆನ್ಯಾಕ್' ಅಂತ ಕಂಡರೆ ಅದು ಶೆವ್ರೊಲೆ ಸಹೋದರರದ್ದು. ಹೌದು, ಅದೇ ಶೆವ್ರೊಲೆ. ತನ್ನ ಹೆಸರಿನ ಕಾರು ಕಂಪನಿಯಿಂದ ಲೂಯಿ ಶೆವ್ರೊಲೆ ಹೊರಬಂದಿದ್ದ. ಆಮೇಲೆ ಅಣ್ಣತಮ್ಮಂದಿರು ಸೇರಿ ಎದುರಾಳಿ ಫೋರ್ಡ್ ಎಂಜಿನ್ನಿಗೆ ವೇಗ ಕೊಡುವ ಹೆಡ್ ಮಾರಿದರು.

ಹೆಸರನ್ನೇ ನಂಬಿ ಕೂತರೂ ಮೋಸ ಹೋಗ್ತೀವಿ. 'ಕ್ರೇಗರ್' ಅನ್ನೋದು ಕ್ರೇನ್ ಗಾರ್ಟ್ಜ್ ಅನ್ನೋ ಶ್ರೀಮಂತನ ಹೆಸರಿನ ಎರಡು ತುಂಡು. 1930ರ ಸುಮಾರಿಗೆ ಫೋರ್ಡ್ ಮಾಡೆಲ್ ಎ ಎಂಜಿನ್ನಿನ ಹೆಡ್ ಮೇಲೆ ಬಂತು. ಕಂಪನಿ ಮುಳುಗಿತು, ಹೆಸರು ಕೈ ಬದಲಾಯಿಸಿತು. 1964ರಲ್ಲಿ ಅದೇ ಹೆಸರಿನಲ್ಲಿ ಹೊಳೆಯುವ ಕಾರಿನ ಚಕ್ರ ಬಂತು, ದೇಶವೆಲ್ಲ ಓಡಾಡಿತು. ಹೆಡ್ಡಿಗೂ ಚಕ್ರಕ್ಕೂ ನಂಟು ಹೆಸರೊಂದೇ.

*

ಆ ಹೆಸರು ಹೋಗಿ ಸೇರಿದ್ದು ಜಾರ್ಜ್ ವೈಟ್ ಅನ್ನೋರ ಕೈಗೆ. ಈ ಕತೆಯಲ್ಲಿ ನನಗೆ ತುಂಬ ಇಷ್ಟದ ಮನುಷ್ಯ. 1923ರಲ್ಲಿ ಲಾಸ್ ಏಂಜಲಿಸ್ ಪಕ್ಕದ ಬೆಲ್ ಅನ್ನೋ ಊರಲ್ಲಿ ಗುಜರಿ ಅಂಗಡಿ ಇಟ್ಟರು. ಜಖಂ ಆದ ಕಾರು ಬರೋದು, ಬಿಚ್ಚಿ ಮಾರೋದು. ಕೆಲವು ಕಾರುಗಳಲ್ಲಿ ಕಂಪನಿಯವರು ಹಾಕದ ಭಾಗಗಳು ಇರೋದು ಅವರ ಕಣ್ಣಿಗೆ ಬಿತ್ತು. ಬೇರೆ ಥರದ ಹೆಡ್ಡು, ಬೇರೆ ಕಾರ್ಬೊರೇಟರು. ತೂಕಕ್ಕೆ ಹಾಕುವ ಬದಲು ಅವನ್ನು ಪಕ್ಕಕ್ಕೆ ಎತ್ತಿಟ್ಟರು. ರೇಸಿನವರು ಹುಡುಕಿಕೊಂಡು ಬಂದರು. ಗುಜರಿ ಅಂಗಡಿ ಬೆಲ್ ಆಟೊ ಪಾರ್ಟ್ಸ್ ಆಯಿತು. 1945ರಲ್ಲಿ ಅದನ್ನು ವಹಿಸಿಕೊಂಡ ರಾಯ್ ರಿಕ್ಟರ್ ಮುಂದೆ ಹೆಲ್ಮೆಟ್ ಮಾಡೋಕೆ ಹೊರಟರು. ಬೈಕ್ ಓಡಿಸುವವರಿಗೆ ಗೊತ್ತಿರುವ ಬೆಲ್ ಹೆಲ್ಮೆಟ್ಟಿನ ಮೂಲ ಇದೇ ಗುಜರಿ ಅಂಗಡಿ. ವೈಟ್ ಅವರು ಕಾರು ಕಂಡುಹಿಡಿಯಲಿಲ್ಲ, ಎಂಜಿನ್ ಕಂಡುಹಿಡಿಯಲಿಲ್ಲ. 'ಇದು ಬೇರೆ ಏನೋ' ಅಂತ ಗುರುತಿಸಿದರು, ಅಷ್ಟೇ.

ಆಟ ನಿಜಕ್ಕೂ ರಂಗೇರಿದ್ದು 1932ರಲ್ಲಿ. ಮಹಾ ಆರ್ಥಿಕ ಕುಸಿತದ ನಟ್ಟನಡುವೆ ಹೆನ್ರಿ ಫೋರ್ಡ್ ವಿ8 ಎಂಜಿನ್ ಬಿಟ್ಟ. 221 ಘನ ಇಂಚು, 65 ಕುದುರೆ ಶಕ್ತಿ. ಅಲ್ಲಿಯವರೆಗೆ ಎಂಟು ಸಿಲಿಂಡರ್ ಅನ್ನೋದು ಸಾಹುಕಾರರ ಸೊತ್ತು. ಫೋರ್ಡ್ ಅದನ್ನು 460 ಡಾಲರಿನ ರೋಡ್‌ಸ್ಟರ್‌ನಲ್ಲಿ ಇಟ್ಟ. ವಾಲ್ವುಗಳು ಬ್ಲಾಕಿನೊಳಗೇ ಇದ್ದು ಹೆಡ್ಡು ಚಪ್ಪಟೆ ಮುಚ್ಚಳದ ಹಾಗೆ ಕೂರುತ್ತಿದ್ದರಿಂದ ಇದಕ್ಕೆ ಫ್ಲ್ಯಾಟ್‌ಹೆಡ್ ಅಂತ ಹೆಸರು. ಕೆಲವು ವರ್ಷ ಕಳೆದು ಈ ಕಾರುಗಳು ಗುಜರಿಗೆ ಬರತೊಡಗಿದಾಗ ಹುಡುಗರ ಹಬ್ಬ ಶುರುವಾಯಿತು.

ಈ ಎಂಜಿನ್ 1953ರ ತನಕ ಅಮೆರಿಕದ ಫೋರ್ಡ್ ಕಾರುಗಳಲ್ಲಿ ಇತ್ತು. ಹೊರಗಿನಿಂದ ನೋಡಿದರೆ ಎಲ್ಲ ಒಂದೇ. ಒಳಗೆ ಹತ್ತಾರು ವರ್ಷನ್ನು. ನಾವು ಸಾಫ್ಟ್‌ವೇರಿನವರು ಹೇಳೋ ಹಾಗೆ, ಎಲ್ಲ ಬಿಲ್ಡೂ ಒಂದೇ ಹೆಸರಿನದು, ಒಂದರ ಭಾಗ ಇನ್ನೊಂದಕ್ಕೆ ಕೂರಲ್ಲ. ಗುರುತು ಹಿಡಿಯೋದು ಹೇಗೆ? ಮೊದಲು ಹೆಡ್ಡನ್ನು ಹಿಡಿದಿರುವ ಸ್ಟಡ್ಡುಗಳನ್ನು ಎಣಿಸಬೇಕು. ಒಂದು ಪಕ್ಕಕ್ಕೆ 21 ಇದ್ದರೆ 1938ರ ವರೆಗಿನ ಎಂಜಿನ್. 24 ಇದ್ದರೆ ಅದರ ನಂತರದ್ದು. 17 ಮಾತ್ರ ಇದ್ದರೆ 1937ರಿಂದ 1940ರವರೆಗೆ ಬಂದ ಮರಿ ವಿ8, 60 ಕುದುರೆ ಶಕ್ತಿಯದು. ಆಮೇಲೆ ವಾಟರ್ ಪಂಪ್ ನೋಡಬೇಕು. ಹೆಡ್ಡಿನ ಮೇಲೇ ಕೂತಿದ್ದರೆ 1936 ಅಥವಾ ಅದಕ್ಕಿಂತ ಹಿಂದಿನದು. ಬ್ಲಾಕಿಗೆ ಇಳಿದಿದ್ದರೆ 1937ರ ನಂತರದ್ದು. ಕ್ಲಚ್ ಮುಚ್ಚುವ ಗಂಟೆಯಾಕಾರದ ಎರಕದ ಮೇಲೆ '59ಎಬಿ' ಅಂತ ಉಬ್ಬಕ್ಷರ ಕಂಡರೆ 1940ರ ದಶಕದ ನಡುವಿನದು. ಹುಡುಗರು ಮುಗಿಬೀಳುತ್ತಿದ್ದದ್ದು ಅದಕ್ಕೇ. ನೀರು ಹೊರಬರುವ ಕೊಳವೆ ಹೆಡ್ಡಿನ ಮುಂತುದಿಯಲ್ಲಿದ್ದು, ಸ್ಟಡ್ಡಿನ ಜಾಗದಲ್ಲಿ ಬೋಲ್ಟು ಇದ್ದರೆ 1949ರ ನಂತರದ್ದು.

ಇನ್ನು ಫೋರ್ಡ್‌ನ ಬಿಡಿಭಾಗದ ಸಂಖ್ಯೆ. ಅದಕ್ಕೊಂದು ವ್ಯಾಕರಣವೇ ಇದೆ. ನಡುವಿನ ಅಂಕಿ ಭಾಗ ಯಾವುದು ಅಂತ ಹೇಳುತ್ತೆ: 6010 ಅಂದ್ರೆ ಎಂಜಿನ್ ಬ್ಲಾಕ್, 9510 ಅಂದ್ರೆ ಕಾರ್ಬೊರೇಟರ್, 3010 ಅಂದ್ರೆ ಮುಂದಿನ ಆಕ್ಸಲ್. ಅದಕ್ಕೆ ಮೊದಲು ಬರುವ ಅಕ್ಷರ, ಅಂಕಿ ಯಾವ ಮಾದರಿಗೆ ಅಂತ ಹೇಳುತ್ತೆ: 18 ಅಂದ್ರೆ 1932ರ ವಿ8, 40 ಅಂದ್ರೆ 1933-34, 78 ಅಂದ್ರೆ 1937, 01ಎ ಅಂದ್ರೆ 1940. ಇಷ್ಟು ಕಲಿತು ಬೀಗುವ ಹಾಗಿಲ್ಲ. ಒಂದು ಭಾಗ ಬದಲಾಗದೆ ಮುಂದುವರಿದರೆ ಹಳೇ ಸಂಖ್ಯೆಯೇ ಮುಂದುವರಿಯುತ್ತೆ. 1940ರ ಕಾರಿನಲ್ಲಿ 78 ಕಂಡರೆ ಯಾರೋ ಹಳೇದು ಹಾಕಿ ಮೋಸ ಮಾಡಿದ್ದಾರೆ ಅಂತಲ್ಲ. ಆ ಭಾಗ 1937ರಲ್ಲಿ ಹುಟ್ಟಿದ್ದು ಅಂತ ಅರ್ಥ. ಸಂಖ್ಯೆ ಹೇಳೋದು ಹುಟ್ಟಿದ ವರ್ಷ. ಬದುಕಿದ್ದು ಎಷ್ಟು ವರ್ಷ ಅನ್ನೋದನ್ನ ಹೇಳಲ್ಲ.

*

ಈಗ ಆ ಅಜ್ಜನ ಕೈಯಲ್ಲಿದ್ದ 97ಕ್ಕೆ ಬರೋಣ. ಅದು ಸ್ಟ್ರಾಂಬರ್ಗ್ 97, 1936ರಿಂದ 1938ರವರೆಗೆ ಫೋರ್ಡ್ ವಿ8 ಕಾರುಗಳಿಗೆ ಹಾಕಿದ ಕಾರ್ಬೊರೇಟರು. 97 ಅನ್ನೋದು ಗಾಳಿ ಹಾದುಹೋಗುವ ಗಂಟಲಿನ ಅಳತೆ, ಇಂಚಿನ ನೂರರಲ್ಲಿ 97 ಪಾಲು. ಮರಿ ವಿ8ಗೆ ಬಂದ ಅದರ ತಮ್ಮನಿಗೆ 81 ಅಂತ ಹೆಸರು, ಅದೂ ಗಂಟಲಿನ ಅಳತೆಯೇ. ಹಾಗಾದ್ರೆ ಅದೇ ಕಂಪನಿಯ 48ರ ಗಂಟಲು ಅರ್ಧ ಇಂಚಾ? ಅಲ್ಲ, ಅದರದ್ದು 97ಕ್ಕಿಂತಲೂ ಅಗಲ. 48 ಅನ್ನೋದು 1935ರ ಫೋರ್ಡ್ ಕಾರಿನ ಮಾದರಿ ಸಂಖ್ಯೆ. ಒಂದೇ ಕಂಪನಿ, ಒಂದೇ ಜಾಗದಲ್ಲಿ ಅಂಕಿ, ಅರ್ಥ ಮಾತ್ರ ಬೇರೆ ಬೇರೆ. ಕೋಡಿನಲ್ಲಿ ಇಂಥದ್ದು ಕಂಡಾಗ ಹಣೆ ಚಚ್ಚಿಕೊಂಡವರಿಗೆ ಅರ್ಥ ಆಗುತ್ತೆ.

97ರ ನಂತರ ಫೋರ್ಡ್ ಹಾಕಿದ್ದು 94. ಎರಡಕ್ಕೂ ಬುಡದಲ್ಲಿ ಮೂರು ಬೋಲ್ಟು, ಎರಡೂ ಅದೇ ಜಾಗದಲ್ಲಿ ಕೂರುತ್ತವೆ. ಹಾಗಿದ್ದರೂ ರೇಸಿನ ಹುಡುಗರು 97ರ ಹಿಂದೆ ಬಿದ್ದದ್ದಕ್ಕೆ ಕಾರಣ ಇದೆ. ಹೆಚ್ಚು ಶಕ್ತಿ ಬೇಕಾದಾಗ ಹೆಚ್ಚು ಪೆಟ್ರೋಲು ಬಿಡುವ ಪವರ್ ವಾಲ್ವು 94ರಲ್ಲಿ ಎಂಜಿನ್ನಿನ ಎಳೆತದ ಒತ್ತಡ ನೋಡಿಕೊಂಡು ತೆರೆದುಕೊಳ್ಳುತ್ತೆ. ಎರಡು ಮೂರು ಕಾರ್ಬೊರೇಟರು ಜೋಡಿಸಿ ರೇಸಿನ ಕ್ಯಾಮ್ ಹಾಕಿದಾಗ ಆ ಒತ್ತಡ ಏರುಪೇರಾಗಿ ವಾಲ್ವಿಗೆ ಗೊಂದಲ. 97ರಲ್ಲಿ ಅದನ್ನು ಒತ್ತೋದು ಆಕ್ಸಿಲರೇಟರ್‌ಗೆ ಸೇರಿದ ಕಡ್ಡಿ. ಕಾಲು ಒತ್ತಿದರೆ ತೆರೆಯುತ್ತೆ, ಬೇರೆ ತಕರಾರಿಲ್ಲ.

ಇಂಥ ಎರಡು ಕಾರ್ಬೊರೇಟರ್ ಕೂರಿಸೋಕೆ ವಿಕ್ ಎಡಲ್‌ಬ್ರಾಕ್ ಅನ್ನೋ ಮೆಕ್ಯಾನಿಕ್ 1938ರಲ್ಲಿ ಒಂದು ಮ್ಯಾನಿಫೋಲ್ಡ್ ಮಾಡಿಸಿದರು. ಅದಕ್ಕೆ ಸ್ಲಿಂಗ್‌ಶಾಟ್, ಅಂದ್ರೆ ಕವಣೆ, ಅಂತ ಹೆಸರು ಬಿತ್ತು. ಪರೀಕ್ಷೆಯ ಜಾಗ ಮೊಹಾವಿ ಮರುಭೂಮಿಯ ಬತ್ತಿದ ಕೆರೆಗಳು: ಮ್ಯೂರಾಕ್, ಎಲ್ ಮಿರಾಜ್, ರೋಸಮಂಡ್. ಕಾಂಕ್ರೀಟಿನ ಹಾಗೆ ಗಟ್ಟಿಯಾದ, ಮೈಲಿಗಟ್ಟಲೆ ಸಪಾಟಾದ ಕೆರೆಯಂಗಳ. ಅಲ್ಲಿ ಓಡಿಸೋಕೆ ನಿಯಮ ಬೇಕು, ವಾಹನ ತಪಾಸಣೆ ಬೇಕು ಅಂತ ಕ್ಲಬ್ಬುಗಳೆಲ್ಲ ಸೇರಿ 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡಿದ್ದವು. 1941ರಲ್ಲಿ ಎಡಲ್‌ಬ್ರಾಕ್ ತಮ್ಮ 1932ರ ಫೋರ್ಡನ್ನು ಗಂಟೆಗೆ 121 ಮೈಲಿ, ಅಂದ್ರೆ ಸುಮಾರು 195 ಕಿಲೊಮೀಟರ್ ಓಡಿಸಿದರು. ಅದು ಅವರು ದಿನಾ ಬಳಸುತ್ತಿದ್ದ ಕಾರು.

*

ಅಷ್ಟರಲ್ಲಿ ಯುದ್ಧ ಬಂತು. 1942ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಜನಸಾಮಾನ್ಯರ ಕಾರು ತಯಾರಿಕೆ ನಿಂತುಹೋಯಿತು. ಊರೂರಲ್ಲಿ ಹಳೇ ಕಬ್ಬಿಣ ಸಂಗ್ರಹದ ಅಭಿಯಾನ ನಡೆಯಿತು. ಎಷ್ಟೋ ಹಳೇ ಕಾರು ಕರಗಿ ಟ್ಯಾಂಕೋ ಬಾಂಬೋ ಆಗಿಹೋದವು. ಕರಗಿಸುವವನಿಗೆ ಎಲ್ಲ ಕಬ್ಬಿಣವೂ ಒಂದೇ. ಮ್ಯೂರಾಕ್ ಕೆರೆ ಸೇನೆಯ ವಶವಾಯಿತು. ಇವತ್ತಿನ ಎಡ್ವರ್ಡ್ಸ್ ವಾಯುನೆಲೆ ಇರೋದು ಅಲ್ಲೇ.

ಯುದ್ಧಕ್ಕೆ ಹೋದ ಹುಡುಗರು ವಾಪಸ್ ಬಂದಾಗ ಅವರ ಕಣ್ಣು ಇನ್ನಷ್ಟು ಚುರುಕಾಗಿತ್ತು. ಬಿಲ್ ಬರ್ಕ್ ಅನ್ನೋ ರೇಸರ್ ಶಾಂತಸಾಗರದಲ್ಲಿ ಸೇವೆಯಲ್ಲಿದ್ದಾಗ ಯುದ್ಧ ವಿಮಾನಗಳಿಗೆ ತಗುಲಿಸುವ ಹೆಚ್ಚುವರಿ ಇಂಧನದ ಟ್ಯಾಂಕುಗಳನ್ನು ನೋಡಿದ್ದರು. ಹನಿಯ ಆಕಾರ, ಗಾಳಿಯನ್ನು ಸೀಳಿಕೊಂಡು ಹೋಗಲೆಂದೇ ಮಾಡಿದ್ದು. ಇದರೊಳಗೆ ಎಂಜಿನ್ ಕೂರುತ್ತಲ್ಲ ಅಂತ ಅನ್ನಿಸಿತು. 1946ರಲ್ಲಿ ಮಾಡಿಯೇಬಿಟ್ಟರು. ಮೊದಲು ಪಿ-51 ವಿಮಾನದ ಟ್ಯಾಂಕು, ಅದು ಇಕ್ಕಟ್ಟಾಯಿತು. ಆಮೇಲೆ ಪಿ-38ರ 315 ಗ್ಯಾಲನ್ನಿನ ಟ್ಯಾಂಕು. ಸೇನೆಯಿಂದ ಬಿಡುಗಡೆಯಾಗಿ ಬಂದು 1946ರಲ್ಲಿ ಸೋ-ಕ್ಯಾಲ್ ಸ್ಪೀಡ್ ಶಾಪ್ ತೆರೆದ ಅಲೆಕ್ಸ್ ಜಿಡಿಯಾಸ್ ಇದೇ ಥರದ ಟ್ಯಾಂಕಿನ ಗಾಡಿಯನ್ನು 1952ರಲ್ಲಿ ಬೊನ್ನೆವಿಲ್ ಉಪ್ಪಿನ ಬಯಲಿಗೆ ಒಯ್ದರು. ಗಂಟೆಗೆ 198 ಮೈಲಿ ಮುಟ್ಟಿತು. ಸೇನೆಯ ಪಟ್ಟಿಯಲ್ಲಿ ಅದು ಖಾಲಿಯಾದ ಮೇಲೆ ಬಿಸಾಕುವ ಡಬ್ಬ.

ಇದು ನನಗೆ ಪೂರ್ತಿ ಹೊಸದೇನಲ್ಲ. ನಮ್ಮೂರಲ್ಲಿ ಮರದ ಚಕ್ರ ಹೋಗಿ ಟೈರಿನ ಎತ್ತಿನ ಗಾಡಿ ಬಂದಾಗ ಅದರ ಆಕ್ಸಲ್ಲು ಬಂದದ್ದು ಗುಜರಿಗೆ ಬಿದ್ದ ವಾಹನಗಳಿಂದ. ವೆಲ್ಡಿಂಗ್ ಶಾಪಿನವರು ಗುಜರಿಯಲ್ಲಿ ಕೂತು ಯಾವ ಆಕ್ಸಲ್ಲು ಎಷ್ಟು ಮೂಟೆ ತಡೆಯುತ್ತೆ ಅಂತ ನೋಡಿಯೇ ಹೇಳೋರು. ಬಿಇ ಓದುವಾಗ ನಮಗೆ ಆ ವಿಷಯಕ್ಕೆ ಪೇಪರು ಇರಲಿಲ್ಲ.

ಕ್ಯಾಲಿಫೋರ್ನಿಯಾದ ಹುಡುಗರ ಪೇಪರಿನಲ್ಲಿ ಪ್ರಶ್ನೆಗಳು ಬೇಕಾದಷ್ಟಿದ್ದವು. ಫೋರ್ಡ್ ಗೇರ್‌ಬಾಕ್ಸಿನಲ್ಲಿ ಮೊದಲ ಎರಡು ಗೇರು ಬೇಗ ಮುಗಿದುಹೋಗುತ್ತಿದ್ದವು. ಲಿಂಕನ್ ಜೆಫರ್ ಕಾರಿನ ಗೇರುಗಳು ಅದೇ ಪೆಟ್ಟಿಗೆಯಲ್ಲಿ ಕೂರುತ್ತವೆ, ಹೆಚ್ಚು ಹೊತ್ತು ಎಳೆಯುತ್ತವೆ ಅಂತ ಯಾರೋ ಕಂಡುಕೊಂಡರು. ಹೊರಗಿನ ಪೆಟ್ಟಿಗೆ ನೋಡಿದರೆ ಒಳಗಿರೋದು ಯಾವುದು ಅಂತ ತಿಳಿಯಲ್ಲ. ಮುಚ್ಚಳ ತೆಗೆದು ಹಲ್ಲು ಎಣಿಸಬೇಕು. ಫೋರ್ಡ್ ತನ್ನ ಕಾರುಗಳಿಗೆ ಹೈಡ್ರಾಲಿಕ್ ಬ್ರೇಕ್ ಕೊಟ್ಟದ್ದು 1939ರಲ್ಲಿ. ಅಲ್ಲಿಯವರೆಗೂ ಕಡ್ಡಿ, ಕೇಬಲ್ಲು. ಹಾಗಾಗಿ ಹಳೇ ಕಾರಿಗೆ 1939ರ ನಂತರದ ಬ್ರೇಕು ಬೇಕೇಬೇಕು. ಮರಿ ವಿ8ಗೆ ಬಂದಿದ್ದ ಕೊಳವೆಯಾಕಾರದ ಮುಂದಿನ ಆಕ್ಸಲ್ಲು ಹಗುರ, ಅದಕ್ಕೂ ಬೇಡಿಕೆ. 1949ರ ನಂತರದ ಮರ್ಕ್ಯುರಿ ಕಾರಿನ ಕ್ರ್ಯಾಂಕ್‌ಶಾಫ್ಟಿನ ಸ್ಟ್ರೋಕು 4 ಇಂಚು, ಫೋರ್ಡಿನದ್ದು ಮುಕ್ಕಾಲು ಇಂಚು ಸೇರಿ 3. ಕಾಲು ಇಂಚಿನ ಆಸೆಗೆ ಮರ್ಕ್ಯುರಿಯ ಕರುಳು ತೆಗೆದು ಫೋರ್ಡಿಗೆ ಹಾಕಿದರು. ಗುಜರಿ ಅಂಗಡಿಯವರಿಗೆಂದೇ ಹಾಲಂಡರ್ ಹೆಸರಿನ ಕೈಪಿಡಿ 1930ರ ದಶಕದಲ್ಲೇ ಬಂದಿತ್ತು. ಯಾವ ಕಾರಿನ ಯಾವ ಭಾಗ ಬೇರೆ ಯಾವುದಕ್ಕೆ ಹಾಗೇ ಕೂರುತ್ತೆ ಅನ್ನೋ ಪಟ್ಟಿ. ಆದರೆ ಅರದಿಂದ ಸ್ವಲ್ಪ ಉಜ್ಜಿದರೆ, ಮಧ್ಯೆ ಒಂದು ಪಟ್ಟಿ ಮಾಡಿ ಹಾಕಿದರೆ ಕೂರುತ್ತೆ ಅನ್ನೋದು ಪುಸ್ತಕದಲ್ಲಿರಲಿಲ್ಲ. ಎರಡು ಕಂಪನಿಗಳ ಭಾಗ ಒಂದಾಗಬೇಕಾದ್ರೆ ನಡುವಿನ ಆ ಚೂರನ್ನು ಮನೆಯ ಹಿತ್ತಲಲ್ಲೇ ಮಾಡಿಕೊಳ್ಳಬೇಕು. ಅದಕ್ಕೆ ನಂಬರೂ ಇರಲ್ಲ, ಹೆಸರೂ ಇರಲ್ಲ.

ಗುರುತು ತಪ್ಪಿದರೆ ದುಡ್ಡು ಹೋಗೋದಷ್ಟೇ ಅಲ್ಲ. ಸ್ಟೀರಿಂಗಿಗೆ ಸೇರಿದ ಭಾಗವೊಂದನ್ನು ಬಾಗಿಸಬೇಕು ಅಂತಿಟ್ಟುಕೊಳ್ಳಿ. ಅದು ಬಡಿದು ಮಾಡಿದ ಉಕ್ಕಾದರೆ ಕೆಂಪಗೆ ಕಾಯಿಸಿ ಬಾಗಿಸಬಹುದು. ಎರಕದ ಕಬ್ಬಿಣವಾದರೆ ಬಿರುಕು ಬಿಡುತ್ತೆ, ಬಿಡೋದು ಗಂಟೆಗೆ ನೂರು ಮೈಲಿಯಲ್ಲಿ. ಹೇಗೆ ತಿಳಿಯೋದು? ಅಚ್ಚಿನ ಎರಡು ಅರ್ಧ ಕೂಡಿದ ಗೆರೆ ನೋಡಬೇಕು. ದಾರದಷ್ಟು ತೆಳುವಾಗಿದ್ದರೆ ಎರಕ, ಅಗಲ ಪಟ್ಟಿಯ ಹಾಗಿದ್ದರೆ ಬಡಿದದ್ದು. ಅನುಮಾನ ಬಂದರೆ ಸಾಣೆ ಚಕ್ರಕ್ಕೆ ಒಡ್ಡಬೇಕು. ಎರಕದ ಕಬ್ಬಿಣದ ಕಿಡಿ ಮಂಕು ಕೆಂಪು, ಮೋಟು. ಉಕ್ಕಿನದು ಉದ್ದ, ಬೆಳ್ಳಗೆ. ಆಯಸ್ಕಾಂತಕ್ಕೆ ಅಂಟದ ಹಗುರ ಲೋಹ ಅಲ್ಯೂಮಿನಿಯಮ್ಮೋ ರೇಸ್ ಚಕ್ರಗಳ ಮೆಗ್ನೀಷಿಯಮ್ಮೋ ತಿಳಿಯಬೇಕಾದ್ರೆ ಒಂದು ತೊಟ್ಟು ವಿನೆಗರ್ ಹಾಕಿ ನೋಡಬೇಕು. ನೊರೆ ಬಂದರೆ ಮೆಗ್ನೀಷಿಯಂ. ಹಾಗಂತ ಗೊತ್ತಿಲ್ಲದೆ ಅದನ್ನು ಸಾಣೆ ಹಿಡಿಯೋಕೆ ಹೋದರೆ ಪುಡಿ ಹೊತ್ತಿಕೊಂಡು ಉರಿಯುತ್ತೆ.

*

1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ 'ಹಾಟ್ ರಾಡ್' ಪತ್ರಿಕೆ ಶುರು ಮಾಡಿದರು. ಬಾಯಿಂದ ಬಾಯಿಗೆ ಹೋಗುತ್ತಿದ್ದ ವಿದ್ಯೆ ಅಚ್ಚಾಯಿತು. 1949ರಲ್ಲಿ ಕ್ಯಾಡಿಲ್ಯಾಕ್, ಓಲ್ಡ್ಸ್‌ಮೊಬೈಲ್ ಕಂಪನಿಗಳು ವಾಲ್ವು ಮೇಲಿರುವ ಹೊಸ ವಿ8 ತಂದವು. 1955ರಲ್ಲಿ ಶೆವ್ರೊಲೆ 265 ಘನ ಇಂಚಿನ ಪುಟ್ಟ ವಿ8 ಬಿಟ್ಟಿತು. ಅಗ್ಗ, ಹಗುರ, ಓಟ. ಫ್ಲ್ಯಾಟ್‌ಹೆಡ್ಡಿನ ಕಾಲ ಮುಗಿಯಿತು. ಇದಕ್ಕೂ ಗುರುತುಗಳಿವೆ. ಮೊದಲ ವರ್ಷದ ಬ್ಲಾಕಿನ ಎರಕದ ಸಂಖ್ಯೆ 3703524. ಅದರಲ್ಲಿ ಆಯಿಲ್ ಫಿಲ್ಟರ್ ಕೂರಿಸೋಕೆ ಜಾಗವೇ ಇರಲಿಲ್ಲ. ಎರಕ ಹೊಯ್ದ ದಿನವೂ ಬ್ಲಾಕಿನ ಮೇಲೇ ಇರುತ್ತೆ: ಎ ಅಂದ್ರೆ ಜನವರಿ, ಎಲ್ ಅಂದ್ರೆ ಡಿಸೆಂಬರ್, ಆಮೇಲೆ ತಾರೀಖು, ಕೊನೆಗೆ ವರ್ಷದ ಕೊನೆಯ ಅಂಕಿ. ದಶಕ ಯಾವುದು ಅಂತ ಮಾತ್ರ ನೀವೇ ಕಂಡುಕೊಳ್ಳಬೇಕು.

1963ರಲ್ಲಿ ವೇಗದ ಬಿಡಿಭಾಗ ತಯಾರಿಸುವವರು ಸೇರಿ ತಮ್ಮದೇ ಸಂಘ ಕಟ್ಟಿಕೊಂಡರು. ಗುಜರಿಯಿಂದ ಎತ್ತಿಟ್ಟ ಭಾಗಗಳು ಕ್ಯಾಟಲಾಗಿನ ಪುಟಗಳಾದವು. ಇವತ್ತು ಸ್ಟ್ರಾಂಬರ್ಗ್ 97 ಹೊಸದಾಗಿಯೇ ತಯಾರಾಗುತ್ತೆ. 1932ರ ಫೋರ್ಡ್ ಬಾಡಿಯೂ ಹೊಸ ಉಕ್ಕಿನಲ್ಲಿ ಸಿಗುತ್ತೆ. ಒಂದೂ ಹಳೇ ಬೋಲ್ಟು ಮುಟ್ಟದೆ ಪೂರ್ತಿ ಹಾಟ್ ರಾಡ್ ಕಟ್ಟಬಹುದು. ತಪ್ಪೇನಿಲ್ಲ, ಬ್ರೇಕು ಸರಿಯಾಗಿ ಹಿಡಿಯುತ್ತೆ. ಆದರೆ ಗುರುತಿಸುವ ಅಗತ್ಯ ಹೋದ ಮೇಲೆ ಗುರುತಿಸುವವರು ಕಮ್ಮಿ ಆಗ್ತಾರೆ. ಆಗ ಉಳಿದಿರುವ ನಿಜವಾದ ಹಳೇ ಭಾಗಗಳು ಎಲ್ಲಿಗೆ ಹೋಗ್ತವೆ? ಪಮೋನಾದ ಆ ಮೇಜಿಗೆ. ಯಾವುದಾದರೂ ಹತ್ತು ಡಾಲರ್. ಅಲ್ಲೂ ಉಳಿದರೆ ತೂಕಕ್ಕೆ, ಆಮೇಲೆ ಕುಲುಮೆಗೆ. ನಲವತ್ತು ವರ್ಷ ಒಬ್ಬ ಮನುಷ್ಯ ಹುಡುಕಿ ಕೂಡಿಟ್ಟಿದ್ದು, ಅವನು ಹೋದ ಮರುತಿಂಗಳೇ ಬರೀ ಕಬ್ಬಿಣ.

*

ಅವತ್ತು ಆ ಅಜ್ಜ ಒಂದೂವರೆ ಗಂಟೆ ಅಲ್ಲೇ ನಿಂತರು. ತಮ್ಮ ಕೆಲಸ ಬಿಟ್ಟು ಪೆಟ್ಟಿಗೆಗಳನ್ನು ಒಂದೊಂದಾಗಿ ಬಗೆದರು. ಎತ್ತೋದು, ಉಜ್ಜೋದು, ಬೆಳಕಿಗೆ ಹಿಡಿಯೋದು, ಹೆಸರು ಹೇಳೋದು. ಜೆಫರ್ ಗೇರು. ಮರಿ ವಿ8ನ ಹೆಡ್ಡು, 17 ತೂತು ಎಣಿಸಿ ತೋರಿಸಿದರು. ಆ ಹುಡುಗ ಮೊದಲು ಬೇಜಾರಿನಿಂದ ತಲೆಯಾಡಿಸುತ್ತಿದ್ದವನು, ಆಮೇಲೆ ಒಂದು ಟೇಪಿನ ಸುರುಳಿ, ಮಾರ್ಕರ್ ಪೆನ್ನು ತಂದು ಒಂದೊಂದರ ಮೇಲೂ ಬರೆದು ಅಂಟಿಸತೊಡಗಿದ. ರಟ್ಟಿನ ಬೋರ್ಡನ್ನು ಯಾವಾಗಲೋ ಮಗುಚಿ ಇಟ್ಟಿದ್ದ. 97ಕ್ಕೆ ಅಜ್ಜ ಸರಿಯಾದ ಬೆಲೆಯನ್ನೇ ಕೊಟ್ಟರು.

ಕೊನೆಯ ಪೆಟ್ಟಿಗೆಯ ತಳದಲ್ಲಿ ಅಂಗೈಯಗಲದ ಒಂದು ಉಕ್ಕಿನ ಪಟ್ಟಿ ಇತ್ತು. ಎಲ್ ಆಕಾರಕ್ಕೆ ಬಾಗಿಸಿದ್ದು, ನಾಲ್ಕು ತೂತು. ಅಜ್ಜ ತಿರುಗಿಸಿ ತಿರುಗಿಸಿ ನೋಡಿದರು. ನಂಬರಿಲ್ಲ, ಎರಕದ ಗೆರೆ ಇಲ್ಲ. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಕನ್ನಡಕ ತೆಗೆದು ಹತ್ತಿರ ಹಿಡಿದರು. ಅರದಿಂದ ಉಜ್ಜಿದ ಸಣ್ಣ ಸಣ್ಣ ಗೆರೆಗಳು ನನಗೂ ಕಂಡವು. ಒಂದು ತೂತನ್ನು ಕೊರೆದಾಗ ಜಾಗ ತಪ್ಪಿತ್ತು ಅನ್ಸುತ್ತೆ, ಮುಚ್ಚಿ ಪಕ್ಕದಲ್ಲಿ ಮತ್ತೆ ಕೊರೆದಿತ್ತು.

"ಇದು ಯಾವ ಕಾರಿಂದು?" ಹುಡುಗ ಟೇಪು ಹರಿದುಕೊಂಡು ಪೆನ್ನು ಹಿಡಿದು ಕಾಯುತ್ತಿದ್ದ.

"ಯಾವ ಕಾರಿಂದೂ ಅಲ್ಲ. ಕೈಯಲ್ಲಿ ಮಾಡಿರೋದು" ಅಂದರು ಅಜ್ಜ. "ನಿಮ್ಮಪ್ಪಂದೇ ಇರಬೇಕು."

ಹುಡುಗ ಏನೂ ಬರೆಯಲಿಲ್ಲ. ಪಟ್ಟಿಯನ್ನು ಇಸಕೊಂಡು, ಆ ಮುಚ್ಚಿದ ತೂತಿನ ಮೇಲೆ ಒಂದು ಸಲ ಬೆರಳಾಡಿಸಿ, ಜಾಕೆಟ್ಟಿನ ಜೇಬಿಗೆ ಇಳಿಸಿದ. ಅಷ್ಟರಲ್ಲಿ ಬೆಳಕು ಹರಿದಿತ್ತು. ಜನ ಟಾರ್ಚುಗಳನ್ನು ಆರಿಸುತ್ತಿದ್ದರು.